ಮತ್ಸ್ಯಶಾಸ್ತ್ರಜ್ಞ ಡಾ. ಸುಂದರಲಾಲ್ ಹೋರಾ

ಕಲಾ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಮೀನಿನ ಶಾಸ್ತ್ರಕ್ಕೇನು ಕೆಲಸವೆಂದು ಸಹಪಾಠಿ ಮಿತ್ರರು ನಗಬಹುದು. ನಾನೂ ಇತಿಹಾಸದ ವಿದ್ಯಾರ್ಥಿಯೇ. ಈ ವರ್ಷ ಕಲ್ಯಾಣದ ಚಾಲುಕ್ಯರ ಮೇಲೆ ಪ್ರಬಂಧ ಬರೆಯಬೇಕಾಗಿ ಬಂದಾಗ, ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಭಾಗವೊಂದಿದೆಯೆಂದೂ, ಅದನ್ನು ಒಬ್ಬ ಪ್ರಾಣಿಶಾಸ್ತ್ರಜ್ಞರು ಪರಿಶೀಲಿಸಿ 1951ರಲ್ಲಿ ಲೇಖನ ಪ್ರಕಟಿಸಿದರೆಂದೂ ತಿಳಿಯಿತು. ಸಾಮ್ರಾಟನೊಬ್ಬನು ಗಾಳ ಹಾಕುವ ವಿದ್ಯೆಯನ್ನು ಸಂಸ್ಕೃತ ಶ್ಲೋಕಗಳಲ್ಲಿ ಬರೆದಿಟ್ಟದ್ದೇ ನನಗೆ ಸೋಜಿಗವಾಯಿತು. ಅದನ್ನು ಅಷ್ಟು ಶ್ರದ್ಧೆಯಿಂದ ಓದಿದ ವಿಜ್ಞಾನಿ ಯಾರೆಂದು ಹುಡುಕುತ್ತ ಹೋದವನಿಗೆ ಸಿಕ್ಕಿದ ಜೀವನಚರಿತ್ರೆ ಇದು.

ಇನ್ನೊಂದು ಕಾರಣವನ್ನೂ ಮುಚ್ಚಿಡಲಾರೆ. ನಮ್ಮ ತಂದೆಯವರು ಮಲೆನಾಡಿನ ಹೊಳೆಯೊಂದರಲ್ಲಿ ಬಲೆ ಬೀಸಿ ಸಂಸಾರ ಸಾಗಿಸಿದವರು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲನೆಯವನು. ಪ್ರವೇಶದ ಅರ್ಜಿಯಲ್ಲಿ ತಂದೆಯ ಉದ್ಯೋಗವೆಂಬಲ್ಲಿ ನಾನು ಬೇಸಾಯವೆಂದು ಬರೆದೆ. ನಮಗೆ ಅಂಗೈಯಗಲ ಗದ್ದೆಯೂ ಇಲ್ಲ.

ಹೋರಾ ಅವರು ಹುಟ್ಟಿದ್ದು 1896ನೆಯ ಇಸವಿ ಮೇ 22ರಂದು, ಪಂಜಾಬಿನ ಹಫೀಜಾಬಾದಿನಲ್ಲಿ. ಆ ಊರು ಈಗ ಪಾಕಿಸ್ತಾನದಲ್ಲಿದೆ. ಜಾಲಂಧರದಲ್ಲಿ ಶಾಲೆ, ಲಾಹೋರಿನಲ್ಲಿ ಕಾಲೇಜು. 1919ರಲ್ಲಿ ಆ ಕಾಲೇಜಿಗೆ ನೆಲ್ಸನ್ ಅನ್ನಂಡೇಲ್ ಎಂಬ ವಿದ್ವಾಂಸರು ಬಂದರು. 1916ರಲ್ಲಿ ಸ್ಥಾಪನೆಯಾದ ಭಾರತೀಯ ಪ್ರಾಣಿ ಸರ್ವೇಕ್ಷಣ ಇಲಾಖೆಯ ಮೊದಲ ನಿರ್ದೇಶಕರು ಅವರು. ಈ ತರುಣನ ಬುದ್ಧಿಯನ್ನು ಮೆಚ್ಚಿ ಕಲ್ಕತ್ತೆಗೆ ಕರೆದರು. ಹೋರಾ ಹೋದರು, ಬಾಳಿನ ಬಹುಭಾಗವನ್ನು ಸರ್ಕಾರದ ನೌಕರಿಯಲ್ಲಿಯೇ ಕಳೆದರು. 1921ರಲ್ಲಿ ಮೀನು ಮತ್ತು ಸರೀಸೃಪಗಳ ವಿಭಾಗ ಅವರ ಕೈಗೆ ಬಂದಿತು. ಪಂಜಾಬ್ ವಿಶ್ವವಿದ್ಯಾನಿಲಯದ ಡಿ.ಎಸ್‌ಸಿ. 1922ರಲ್ಲಿ, ಎಡಿನ್‌ಬರೋದ ಡಿ.ಎಸ್‌ಸಿ. 1928ರಲ್ಲಿ. ಪದವಿಗಳ ಪಟ್ಟಿಯನ್ನು ಇಲ್ಲಿಗೇ ಬಿಡುತ್ತೇನೆ. ಅವರ ನಿಜವಾದ ಪಾಠಶಾಲೆ ಗುಡ್ಡಗಾಡಿನ ಝರಿಗಳು.

ಸೇವೆಯ ಮೊದಲ ದಿನಗಳಲ್ಲಿಯೇ ಅವರು ಮಣಿಪುರಕ್ಕೆ ಹೋಗಿ ಅಲ್ಲಿಯ ಮೀನುಗಳನ್ನೂ ಮೀನುಗಾರಿಕೆಯನ್ನೂ ಅಭ್ಯಾಸ ಮಾಡಿದರು. ಬೆಟ್ಟದಿಂದ ಧುಮುಕಿ ಬರುವ ನೀರಿನಲ್ಲಿ ಮನುಷ್ಯನ ಕಾಲು ನಿಲ್ಲುವುದೇ ಕಷ್ಟ. ಅಂಥಲ್ಲಿ ಬೆರಳುದ್ದದ ಮೀನು ಹೇಗೆ ನಿಲ್ಲುತ್ತದೆ? ಈ ಒಂದು ಪ್ರಶ್ನೆ ಅವರನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಂಡಿತು. ಅವರು ಕಂಡುಕೊಂಡದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಇಂಥ ಮೀನಿನ ಹೊಟ್ಟೆ ರೊಟ್ಟಿಯಂತೆ ಚಪ್ಪಟೆ. ಎದೆಯ ರೆಕ್ಕೆಗಳೂ ಹೊಟ್ಟೆಯ ರೆಕ್ಕೆಗಳೂ ಪಕ್ಕಕ್ಕೆ ಹರಡಿಕೊಂಡು ಕಲ್ಲನ್ನು ಅಪ್ಪಿ ಹಿಡಿಯುತ್ತವೆ. ರೆಕ್ಕೆಯ ಹೊರಗಡ್ಡಿಗಳ ಕೆಳಗೆ ಅಂಟಿಕೊಳ್ಳಲು ಮೆತ್ತೆಯಂಥ ಚರ್ಮವಿರುತ್ತದೆ. ಒಳಗಡ್ಡಿಗಳಾದರೋ ಸುಮ್ಮನಿರುವುದಿಲ್ಲ, ಹೊಟ್ಟೆಯಡಿ ನುಸುಳುವ ನೀರನ್ನು ಬಿಡುವಿಲ್ಲದೆ ಹೊರಗೆ ತಳ್ಳುತ್ತಿರುತ್ತವೆ. ಮೀನಿನ ಆಕಾರವನ್ನು ನೀರಿನ ವೇಗದೊಡನೆ ಸೇರಿಸಿ ನೋಡಿದ ಹೊರತು ಅದು ಅರ್ಥವಾಗದೆಂಬುದು ಅವರ ಕೆಲಸದ ತಿರುಳು. ಗೊದಮೊಟ್ಟೆಗಳನ್ನೂ ನೀರಿನ ಹುಳುಗಳನ್ನೂ ಹೀಗೆಯೇ ಪರೀಕ್ಷಿಸಿ ಬರೆದ ದೊಡ್ಡ ಪ್ರಬಂಧವನ್ನು ಲಂಡನ್ನಿನ ರಾಯಲ್ ಸೊಸೈಟಿ 1930ರಲ್ಲಿ ಪ್ರಕಟಿಸಿತು.

ಈ ಭಾಗವನ್ನು ಓದುವಾಗ ನಾನು ಪುಸ್ತಕ ಮಡಚಿ ಕುಳಿತದ್ದುಂಟು. ನಮ್ಮೂರ ಹೊಳೆಯಲ್ಲಿ ಕಲ್ಲಿಗಂಟಿದ ಅಂಥದೇ ಮೀನನ್ನು ನಾನು ಚಿಕ್ಕಂದಿನಲ್ಲಿ ಎಷ್ಟೋ ಸಲ ಕಿತ್ತು ನೋಡಿ ಎಸೆದಿದ್ದೇನೆ. ಅದರ ಹಿಂದೆ ಒಂದು ಶಾಸ್ತ್ರವಿದೆಯೆಂದು ನನಗೇನು ಗೊತ್ತು!

ಮೈಸೂರು ಸೀಮೆಗೂ ಹೋರಾ ಅವರಿಗೂ ಇರುವ ನಂಟು ಸಣ್ಣದಲ್ಲ. 1941ರಲ್ಲಿ ಮೈಸೂರಿನ ಬಿ.ಎಸ್. ಭೀಮಾಚಾರ್ ಮತ್ತು ಎ. ಸುಬ್ಬರಾವ್ ಅವರು ಕಡೂರು ಜಿಲ್ಲೆಯ ಮೀನುಗಳನ್ನು ಕುರಿತು ಬರೆದರು. ಮರುವರ್ಷವೇ ಮೈಸೂರು ಸಂಸ್ಥಾನ, ನೀಲಗಿರಿ, ವೈನಾಡು, ಕೊಡಗುಗಳ ಮೀನುಗಳನ್ನು ಕುರಿತ ಹೋರಾ ಅವರ ಲೇಖನ ಬಂದಿತು. ಝರಿಯ ಮೀನೊಂದಕ್ಕೆ ಅವರು ಮೈಸೂರಿನ ಹೆಸರನ್ನೇ ಇಟ್ಟಿದ್ದಾರೆ. ಇಲ್ಲಿಯ ಮೀನುಗಳನ್ನು ನೋಡಿದ ಮೇಲೆ ಒಂದು ಒಗಟು ಅವರನ್ನು ಕಾಡಿತು. ಅಸ್ಸಾಮಿನ ಬೆಟ್ಟಗಳಲ್ಲಿಯೂ ಮಲಯ ದೇಶದಲ್ಲಿಯೂ ಇರುವ ಮೀನುಗಳ ಬಂಧುಗಳು ಸಾವಿರಾರು ಮೈಲಿ ಆಚೆ ನಮ್ಮ ಪಶ್ಚಿಮ ಘಟ್ಟದಲ್ಲಿವೆ, ನಡುವಣ ಬಯಲಿನಲ್ಲಿಲ್ಲ. ಝರಿಯ ಮೀನು ಬಯಲಿನ ಬಿಸಿನೀರನ್ನು, ನಿಂತ ನೀರನ್ನು ದಾಟಲಾರದು. ಹಾಗಾದರೆ ಬಂದದ್ದು ಹೇಗೆ? ಒಂದು ಕಾಲಕ್ಕೆ ವಿಂಧ್ಯ ಸಾತ್ಪುರ ಶ್ರೇಣಿಗಳು ಪೂರ್ವದ ಬೆಟ್ಟಗಳಿಂದ ಪಶ್ಚಿಮ ಘಟ್ಟದವರೆಗೆ ಎತ್ತರವಾಗಿ ಹಬ್ಬಿದ್ದು ಸೇತುವೆಯಂತಿದ್ದುವೆಂದು ಅವರು ವಾದಿಸಿದರು. ಇದಕ್ಕೆ ಸಾತ್ಪುರ ವಾದವೆಂದು ಹೆಸರು. 1949ರಲ್ಲಿ ಇದರ ಮೇಲೆ ವಿದ್ವಾಂಸರ ಗೋಷ್ಠಿಯೇ ನಡೆಯಿತು. ಈಗಿನ ಸಂಶೋಧಕರಲ್ಲಿ ಹಲವರು ಇದನ್ನು ಒಪ್ಪುವುದಿಲ್ಲ. ಬೆಟ್ಟದ ಸೇತುವೆ ಬೇಡ, ಹಿಂದಿನ ಹವಾಮಾನದ ಬದಲಾವಣೆಯೇ ಸಾಕೆನ್ನುವವರುಂಟು. ನನ್ನಂಥವನಿಗೆ ತೀರ್ಪು ಹೇಳುವ ಅಧಿಕಾರವಿಲ್ಲ. ಆದರೆ ಅಂಗೈ ಮೇಲಿನ ಮೀನನ್ನು ನೋಡಿ ದೇಶದ ಬೆಟ್ಟಗಳ ಚರಿತ್ರೆಯನ್ನು ಕೇಳುವ ಧೈರ್ಯ ಎಲ್ಲರಿಗೂ ಬರುವಂಥದಲ್ಲ.

1942ರಲ್ಲಿ ಯುದ್ಧದ ಭಯದಿಂದ ಇಲಾಖೆಯ ಸಂಗ್ರಹಗಳನ್ನು ಕಾಶಿಗೆ ಸಾಗಿಸಲಾಯಿತು. ಮರುವರ್ಷ ವರುಣಾ ನದಿ ಉಕ್ಕಿ ಅವುಗಳಲ್ಲಿ ಎಷ್ಟೋ ಹಾಳಾದುವು. ನದಿಯ ಜೀವಿಗಳನ್ನು ನದಿಯೇ ಒಯ್ದಿತು. ಆ ಹೊತ್ತಿಗೆ ಹೋರಾ ಅವರು ಬಂಗಾಳದ ಮೀನುಗಾರಿಕೆಯ ಹೊಣೆ ಹೊತ್ತಿದ್ದರು. 1943ರ ಕ್ಷಾಮದ ಕಾಲವದು. ಮೀನೆಂದರೆ ಆಗ ಶಾಸ್ತ್ರವಲ್ಲ, ಅನ್ನದ ಮಾತು. ಕಲ್ಕತ್ತೆಯ ಪೂರ್ವದ ಜೌಗಿನಲ್ಲಿ ಪಟ್ಟಣದ ಕೊಳಚೆ ನೀರನ್ನೇ ಹಾಯಿಸಿ ಮೀನು ಬೆಳೆಸುವ ಕೆರೆಗಳಿದ್ದುವು. ಮೂಗು ಮುಚ್ಚಿಕೊಂಡು ಹೋಗದೆ ಅವರು ಅದನ್ನೂ ಅಭ್ಯಾಸ ಮಾಡಿ ಬರೆದರು.

ಅಣೆಕಟ್ಟುಗಳ ವಿಷಯದಲ್ಲಿ ಅವರು ಎಷ್ಟು ಮುಂದೆ ನೋಡಿದ್ದರೆಂಬುದನ್ನು ಹೇಳಲೇಬೇಕು. ಸಮುದ್ರದಿಂದ ಹೊಳೆಗೇರಿ ಮೊಟ್ಟೆಯಿಡುವ ಹಿಲ್ಸಾದಂಥ ಮೀನುಗಳಿಗೆ ನದಿಯೇ ದಾರಿ. 1940ರಲ್ಲಿಯೇ ಹೋರಾ ಅವರು ವಲಸೆ ಹೋಗುವ ಮೀನುಗಳಿಗೆ ಅಣೆಕಟ್ಟೆಗಳಿಂದ ಒದಗುವ ತೊಂದರೆಯನ್ನು ಕುರಿತು ಬರೆದಿದ್ದರು. 1975ರಲ್ಲಿ ಗಂಗೆಗೆ ಫರಕ್ಕಾ ಕಟ್ಟೆ ಬಂದಿತು. ಅದಕ್ಕೆ ಮೊದಲು ಅಲಹಾಬಾದಿನವರೆಗೂ ಹತ್ತಿ ಬರುತ್ತಿದ್ದ ಹಿಲ್ಸಾ ಆಮೇಲೆ ಮೇಲಿನ ಗಂಗೆಯಲ್ಲಿ ಅಪರೂಪವಾಯಿತು. ಅದನ್ನು ನೋಡಲು ಅವರು ಬದುಕಿರಲಿಲ್ಲ.

1947ರಲ್ಲಿ ಪ್ರಾಣಿ ಸರ್ವೇಕ್ಷಣ ಇಲಾಖೆಯ ನಿರ್ದೇಶಕತ್ವ ಅವರಿಗೆ ದೊರೆಯಿತು. ಇಷ್ಟು ದೊಡ್ಡ ಅಧಿಕಾರದಲ್ಲಿದ್ದವರು ಹಳೆಯ ಗ್ರಂಥಗಳನ್ನು ಕೈಗೆತ್ತಿಕೊಂಡದ್ದೇ ನನಗೆ ಎಲ್ಲಕ್ಕಿಂತ ಪ್ರಿಯವಾದ ಸಂಗತಿ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮೀನಿನ ಮಾತೆಲ್ಲಿದೆಯೆಂದು ನೋಡಿದರು. ಅಶೋಕನ ಐದನೆಯ ಸ್ತಂಭಶಾಸನವನ್ನು ಮೀನುಗಾರಿಕೆಯ ಕಾನೂನೆಂದು ಓದಿದರು. ನಾವು ಪರೀಕ್ಷೆಗೆ ಉರುಹೊಡೆಯುವ ಶಾಸನವೇ ಅದು! ಇದಕ್ಕೂ ಮೊದಲು, 1935ರಲ್ಲಿ, ಸುಶ್ರುತ ಸಂಹಿತೆಯ ಕಡೆಗೆ ಗಮನ ಸೆಳೆದಿದ್ದರು. ನದಿಯ ಮೀನು ಬಾಯಿ ಬಾಲಗಳಿಂದ ಚಲಿಸುವುದರಿಂದ ಅದರ ನಡುಭಾಗ ಭಾರವೆಂದೂ, ಎದೆಯಿಂದ ಚಲಿಸುವ ಮೀನಿಗೆ ಮುಂಭಾಗ ಹಗುರವೆಂದೂ ಅಲ್ಲಿ ಹೇಳಿದೆ. ತಾವು ಝರಿಗಳಲ್ಲಿ ಕಂಡ ಆಕಾರ ಮತ್ತು ಚಲನೆಯ ಸಂಬಂಧವನ್ನು ಪ್ರಾಚೀನರೂ ಕಂಡಿದ್ದರೆಂದು ಅವರು ಸಂಕೋಚವಿಲ್ಲದೆ ಒಪ್ಪಿಕೊಂಡರು. ಸುಶ್ರುತನಿಗೆ ಇದನ್ನು ಹೇಳಿದವರು ಬೆಸ್ತರಲ್ಲದೆ ಮತ್ತಾರಿರಬೇಕು? ಇದು ನನ್ನ ಊಹೆ. ಹೋರಾ ಅವರ ಮೇಲೆ ಹೊರಿಸುತ್ತಿಲ್ಲ.

ಮಾನಸೋಲ್ಲಾಸದಲ್ಲಿ ಸುಮಾರು 35 ಬಗೆಯ ಮೀನುಗಳ ವಿಚಾರವಿದೆ. ಯಾವ ಮೀನಿಗೆ ಯಾವ ಎರೆ, ದಾರ ಹೇಗಿರಬೇಕು, ಕೋಲು ಹೇಗಿರಬೇಕು ಎಂಬುದೆಲ್ಲ ಇದೆ. ಆ ಹಳೆಯ ಹೆಸರುಗಳು ಇಂದಿನ ಯಾವ ಮೀನುಗಳಿಗೆ ಸಲ್ಲುತ್ತವೆಂದು ಗುರುತಿಸಲು ಹೋರಾ ಅವರು ಪಟ್ಟ ಶ್ರಮ ಸಾಮಾನ್ಯವಲ್ಲ. 1954ರಲ್ಲಿ ಹೈದರಾಬಾದಿನಲ್ಲಿ ಸೇರಿದ ಭಾರತೀಯ ವಿಜ್ಞಾನ ಕಾಂಗ್ರೆಸ್ಸಿಗೆ ಅವರೇ ಅಧ್ಯಕ್ಷರಾದರು. 1955ನೆಯ ಡಿಸೆಂಬರ್ 8ರಂದು ತೀರಿಕೊಂಡರು. ಆಗ ಅವರಿಗೆ 59 ವರ್ಷ.

ದಸರಾ ರಜದಲ್ಲಿ ಊರಿಗೆ ಹೋದಾಗ ಮತ್ಸ್ಯವಿನೋದದ ಸಾರಾಂಶವನ್ನು ಅಪ್ಪನಿಗೆ ಓದಿ ಹೇಳಿದೆ. ಬಲೆಯ ಹರಕು ಹೆಣೆಯುತ್ತ ಕೇಳಿದರು. ಎರೆಯ ವಿಷಯದಲ್ಲಿ ಕೆಲವನ್ನು ಒಪ್ಪಿದರು, ಕೆಲವಕ್ಕೆ ನಕ್ಕರು. ರಾಜರಿಗೆ ಹೊತ್ತು ಹೋಗಬೇಕಲ್ಲ ಎಂದರು. ಕಲ್ಲಿಗಂಟುವ ಮೀನನ್ನು ಕೇಳಿದಾಗ, ಅದನ್ನು ಮೇಲಕ್ಕೆ ಕೀಳಬಾರದು, ಮುಂದಕ್ಕೆ ಜಾರಿಸಬೇಕೆಂದು ಕೈಯಲ್ಲೇ ಮಾಡಿ ತೋರಿಸಿದರು. ನಾನು ನೋಟ್‌ಪುಸ್ತಕ ತೆಗೆದು, ನಮ್ಮ ಹೊಳೆಯ ಮೀನುಗಳ ಹೆಸರನ್ನು ಅವರು ಹೇಳಿದಂತೆ ಬರೆದುಕೊಳ್ಳತೊಡಗಿದೆ. ಇದುವರೆಗೆ ಇಪ್ಪತ್ತಮೂರು ಹೆಸರುಗಳಾಗಿವೆ. ಮಳೆಗಾಲದಲ್ಲಿ ಹತ್ತಿ ಬರುವ ಮೀನುಗಳದು ಇನ್ನೂ ಬಾಕಿ ಇದೆ.