ಹದಿನೆಂಟು ವಿದ್ಯಾರ್ಥಿಗಳ ಬೇಸರ

ಸೇವೆಯಲ್ಲಿದ್ದಾಗ ದೈಹಿಕ ಶಿಕ್ಷಕರ ಹುದ್ದೆ ಕೋರುವ ಕಡತಗಳು ಬಂದರೆ ಅವನ್ನು ಅಡಿಗೆ ಸರಿಸಿಡುತ್ತಿದ್ದೆ. ಗಣಿತಕ್ಕೇ ಮೇಷ್ಟ್ರಿಲ್ಲದ ಶಾಲೆಗೆ ಆಟದ ಮೇಷ್ಟ್ರೇಕೆ ಎಂಬುದು ಅರ್ಥಶಾಸ್ತ್ರ ಓದಿದ ನನ್ನ ಲೆಕ್ಕಾಚಾರ. ಸಾಲಾಗಿ ನಿಲ್ಲಿಸಿ ಕೈಕಾಲು ಆಡಿಸುವುದಕ್ಕಿಂತ ಹೆಚ್ಚಿನದೇನೂ ಆ ಪೀರಿಯಡ್ಡಿನಲ್ಲಿ ನಡೆಯದೆಂದೇ ಭಾವಿಸಿದ್ದೆ. ನಿವೃತ್ತಿಯ ಬಳಿಕ ಜೇಮ್ಸ್ ನೈಸ್ಮಿತ್ ಅವರ ಜೀವನವನ್ನು ಓದಿದೆ.

1861ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಜನಿಸಿದ ಅವರು ಬಾಲ್ಯದಲ್ಲೇ ತಂದೆತಾಯಿಯರನ್ನು ಕಳೆದುಕೊಂಡು ಸೋದರಮಾವನ ಆಶ್ರಯದಲ್ಲಿ ಬೆಳೆದರು. ದೇವಶಾಸ್ತ್ರ ವ್ಯಾಸಂಗ ಮಾಡಿಯೂ ವ್ಯಾಯಾಮ ಶಿಕ್ಷಣದತ್ತ ಹೊರಳಿ, ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿದ್ದ ವೈಎಂಸಿಎ ತರಬೇತಿ ಶಾಲೆ ಸೇರಿದರು. 1891ರ ಚಳಿಗಾಲದಲ್ಲಿ ಅಲ್ಲಿನ ಹದಿನೆಂಟು ವಿದ್ಯಾರ್ಥಿಗಳ ತರಗತಿಯೊಂದು ಅವರ ಪಾಲಿಗೆ ಬಂತು. ಮಕ್ಕಳಲ್ಲ, ಪ್ರಾಯದವರು, ಒಳಾಂಗಣದ ನಿತ್ಯ ಕವಾಯತಿನಿಂದ ರೋಸಿದ್ದವರು. ಮುಖ್ಯಸ್ಥ ಲೂಥರ್ ಗುಲಿಕ್ ಹೊಸ ಆಟವೊಂದನ್ನು ರೂಪಿಸಲು ನೈಸ್ಮಿತ್‌ಗೆ ಹದಿನಾಲ್ಕು ದಿನಗಳ ಗಡುವು ಕೊಟ್ಟರು.

ಹೊರಾಂಗಣದ ಆಟಗಳನ್ನು ಒಳಗೆ ತಂದು ನೋಡಿದರು, ಅವು ಹೊಂದಲಿಲ್ಲ. ಆಗ ಅವರು ವಿದ್ಯಾರ್ಥಿಗಳನ್ನು ದೂರದೆ ಆಟವನ್ನೇ ಬಿಡಿಸಿ ನೋಡಿದರು. ಚೆಂಡು ಹಿಡಿದು ಓಡುವವನನ್ನು ಕೆಡಹುವುದರಿಂದಲೇ ಗಾಯಗಳಾಗುತ್ತವೆ. ಹಾಗಾದರೆ ಓಡುವುದೇ ಬೇಡ. ಗುರಿಯನ್ನು ತಲೆಗಿಂತ ಮೇಲಿಟ್ಟರೆ ಬಲವಾಗಿ ಬೀಸಿ ಉಪಯೋಗವಿಲ್ಲ. ಈ ಹೊಳಹು ಬಂದದ್ದು ಬಾಲ್ಯದ ಆಟದಿಂದ. ಬಂಡೆಯ ಮೇಲಿಟ್ಟ ಕಲ್ಲನ್ನು ಇನ್ನೊಂದು ಕಲ್ಲಿನಿಂದ ಬೀಳಿಸುವ ಆ ಆಟ ನಮ್ಮ ಲಗೋರಿಯ ದೂರದ ನೆಂಟನೆನ್ನಬಹುದು. ಅಲ್ಲಿ ರಭಸದ ಎಸೆತಕ್ಕಿಂತ ಕಮಾನಿನಂತೆ ಬಾಗಿ ಬೀಳುವ ಎಸೆತವೇ ಮೇಲು. ಶಾಲೆಯ ಜವಾನ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ತಂದುಕೊಟ್ಟ. ಹತ್ತು ಅಡಿ ಎತ್ತರದ ಮೊಗಸಾಲೆಯ ಕಂಬಿಗೆ ಅವುಗಳನ್ನು ಹೊಡೆದು, ಹದಿಮೂರು ನಿಯಮ ಬರೆದು, ಕಡೆಗೆ ಒಂಬತ್ತು ಮಂದಿಯಂತೆ ಎಲ್ಲರನ್ನೂ ಆಡಿಸಿದರು. ಬಾಸ್ಕೆಟ್‌ಬಾಲ್ ಹುಟ್ಟಿತು. ಇದಕ್ಕೆ ತಗುಲಿದ ವೆಚ್ಚವನ್ನು ಯಾವ ಹಣಕಾಸು ಇಲಾಖೆಯೂ ಆಕ್ಷೇಪಿಸಲಾರದು!

1898ರಲ್ಲಿ ವೈದ್ಯಕೀಯ ಪದವಿ ಪಡೆದು ಕ್ಯಾನ್ಸಾಸ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಅವರ ತಂಡ 55 ಪಂದ್ಯ ಗೆದ್ದು 60 ಸೋತಿತು. ಆಟದಿಂದ ಹಣ ಮಾಡಲೂ ಹೋಗಲಿಲ್ಲ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಬಾಸ್ಕೆಟ್‌ಬಾಲ್ ಸ್ಪರ್ಧೆಯಾದಾಗ ಅವರು ಅಲ್ಲಿದ್ದರು; 1939ರಲ್ಲಿ ತೀರಿಕೊಂಡರು.

ಆ ಶಾಲೆಗೆ ಸಿಕ್ಕಿದ್ದು ಯೋಚಿಸುವ ಒಬ್ಬ ಶಿಕ್ಷಕ. ನನ್ನ ಲೆಕ್ಕಾಚಾರದಲ್ಲಿ ಬಿಟ್ಟುಹೋದದ್ದು ಅದೇ ಬಾಬತ್ತು. ನನ್ನ ಸಹಿಗಾಗಿ ಕಾದ ಶಾಲೆಗಳ ಮಕ್ಕಳು ಈಗ ನಡುವಯಸ್ಸಿನವರು.