ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್

ಜಡಿಗೇನಹಳ್ಳಿಯಿಂದ ಹೊಸಕೋಟೆಗೆ ಬಂದು ಹಳೇ ಮದ್ರಾಸ್ ರಸ್ತೆ ಹಿಡಿದರೆ ಹಲಸೂರು ಸಿಗುತ್ತದೆ. ಅಲ್ಲಿನ ಕೆರೆಗೆ ಸಮೀಪದಲ್ಲೇ ಆರ್.ಬಿ.ಎ.ಎನ್.ಎಂ. ವಿದ್ಯಾಸಂಸ್ಥೆ ಇದೆ. ಆ ಐದು ಅಕ್ಷರಗಳನ್ನು ಬಿಡಿಸಿದರೆ ರಾಯ್ ಬಹಾದ್ದೂರ್ ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರ್.

1827ರಲ್ಲಿ ಬಡ ತಮಿಳು ಕುಟುಂಬದಲ್ಲಿ ಹುಟ್ಟಿದ ಅವರು ಬೆಂಗಳೂರು ದಂಡಿನಲ್ಲಿ ವ್ಯಾಪಾರ, ಗುತ್ತಿಗೆಗಳಿಂದ ಮೇಲೆ ಬಂದರು. ಇಂದು ಹೈಕೋರ್ಟ್ ಇರುವ ಕೆಂಪು ಕಟ್ಟಡ ಅಠಾರ ಕಚೇರಿ. 1868ರಲ್ಲಿ ಮುಗಿದ ಅದರ ಗುತ್ತಿಗೆದಾರರು ಇವರೇ.

ಸೈನ್ಯದ ಬೆನ್ನಿಗೆ ತಮಿಳುನಾಡಿನಿಂದ ಬಂದ ಕೂಲಿಕಾರರು, ಕುಶಲಕರ್ಮಿಗಳು ದಂಡಿನಲ್ಲಿ ನೆಲೆಸಿದ್ದರು. ಅವರ ಮಕ್ಕಳಿಗೆ ಇಂಗ್ಲಿಷ್ ವಿದ್ಯೆ ಕೈಗೆಟುಕುತ್ತಿರಲಿಲ್ಲ. ಬಡಮಕ್ಕಳಿಗೆಂದೇ ಮೊದಲಿಯಾರ್ 1873ರಲ್ಲಿ ಶಾಲೆ ತೆರೆದರು. 1877ರಲ್ಲಿ ಬಿರುದು ಬಂತು. ಅದಕ್ಕಿಂತ ದೊಡ್ಡ ಕೆಲಸ ನಡೆದದ್ದು 1883ರಲ್ಲಿ: ಶಾಲೆಯ ಹೊಣೆಯನ್ನು ಧರ್ಮಸಂಸ್ಥೆಯೊಂದಕ್ಕೆ ಒಪ್ಪಿಸಿದರು. ದಾನಿಯ ಆಯುಸ್ಸು ಮುಗಿದರೂ ಶಾಲೆ ಮುಚ್ಚಲಿಲ್ಲ.

ಪ್ರಶಿಕ್ಷಣಾರ್ಥಿಗಳು ಈ ಚರಿತ್ರೆಯನ್ನು ಪಾಠ ಮಾಡುವಾಗ ಬಿರುದಿನಿಂದ ಆರಂಭಿಸುವುದು ಬೇಡ. ಶುಲ್ಕ ಕೊಡಲಾಗದ ಮನೆಯ ಮಗು ಆಗ ಎಲ್ಲಿ ಓದಬೇಕಿತ್ತು ಎಂದು ತರಗತಿಯನ್ನು ಕೇಳಿ. ದುಡಿಮೆ ಅರಸಿ ನಮ್ಮ ಹೋಬಳಿಗೆ ಬಂದವರ ಮಕ್ಕಳೂ ಆ ಬೆಂಚುಗಳಲ್ಲಿ ಇರಬಹುದು. ಉತ್ತರ ಹೇಳುವ ಸರದಿ ಮೊದಲು ಅವರಿಗೆ ಸಿಗಲಿ.