ಇಂಟರ್ನೆಟ್ ಒಬ್ಬರ ಕೈಯಲ್ಲಿತ್ತೇ? ಜಾನ್ ಪೋಸ್ಟೆಲ್ ಕಥೆ

ಇಡೀ ಇಂಟರ್ನೆಟ್ ಹಿಂದೊಮ್ಮೆ ಒಬ್ಬರ ಕೈಯಲ್ಲಿತ್ತು ಎನ್ನುವ ಮಾತು ಕೇಳಿದ್ದೀರಾ? ಅರ್ಧ ನಿಜ.

ಜಾನ್ ಪೋಸ್ಟೆಲ್ ಹುಟ್ಟಿದ್ದು 1943ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 1969ರಲ್ಲಿ ಅರ್ಪಾನೆಟ್ ಶುರುವಾದಾಗ ಅವರಿನ್ನೂ ವಿದ್ಯಾರ್ಥಿ. ಕಂಪ್ಯೂಟರ್‌ಗಳ ನಡುವೆ ತಂತಿ ಎಳೆದರೆ ಸಾಲದು. ಒಂದು ಪ್ರೋಗ್ರಾಂ ಕಳಿಸಿದ್ದು ಇನ್ನೊಂದಕ್ಕೆ ತಿಳಿಯಲು ಇಬ್ಬರೂ ಒಪ್ಪಿದ ನಿಯಮ ಬೇಕು. ಅಂಥ ನಿಯಮಗಳ ಕಡತ, ಯಾವ ಕೆಲಸಕ್ಕೆ ಯಾವ ಸಂಖ್ಯೆ ಎಂಬ ಪಟ್ಟಿ, ಎರಡನ್ನೂ ದಶಕಗಳ ಕಾಲ ನೋಡಿಕೊಂಡವರು ಪೋಸ್ಟೆಲ್.

1982ರಲ್ಲಿ ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮ ಬರೆದರು. ಕಳಿಸುವ ಪ್ರೋಗ್ರಾಂ ಮೊದಲು ತನ್ನ ಪರಿಚಯ ಹೇಳಬೇಕು, ನಂತರ ಯಾರಿಂದ, ಯಾರಿಗೆ, ಆಮೇಲೆ ಪತ್ರ. ಒಂದು ಸಾಲಿನಲ್ಲಿ ಬರೀ ಚುಕ್ಕಿ ಬಂದರೆ ಪತ್ರ ಮುಗಿಯಿತು. ಆಚೆಯಿಂದ 250 ಎಂಬ ಉತ್ತರ ಬಂದರೆ ಎಲ್ಲ ಸರಿ. ನಿಮ್ಮ ಇಮೇಲ್ ಇಂದಿಗೂ ಹೆಚ್ಚುಕಡಿಮೆ ಹೀಗೇ ಸಾಗುತ್ತದೆ!

1998ರ ಜನವರಿಯಲ್ಲಿ ವೆಬ್ ವಿಳಾಸ ಹುಡುಕಿಕೊಡುವ ಎಂಟು ಮೂಲ ಸರ್ವರ್‌ಗಳ ನಿರ್ವಾಹಕರು ಅವರ ಒಂದೇ ಇಮೇಲ್‌ಗೆ ತಮ್ಮ ಸರ್ವರ್‌ಗಳನ್ನು ಅವರು ಹೇಳಿದ ಕಡೆಗೆ ತಿರುಗಿಸಿದರು. ಸರ್ಕಾರ ಆಕ್ಷೇಪಿಸಿತು, ಪೋಸ್ಟೆಲ್ ಹಿಂದಕ್ಕೆ ಸರಿದರು. ಅವರ ಬಳಿ ಯಾವ ಗುಪ್ತ ಸ್ವಿಚ್ಚೂ ಇರಲಿಲ್ಲ. ನಿರ್ವಾಹಕರು ನಂಬಿದ್ದು ಅವರನ್ನು. ಅದೇ ಅಕ್ಟೋಬರ್‌ನಲ್ಲಿ, 55ನೇ ವಯಸ್ಸಿಗೆ, ಹೃದಯದ ತೊಂದರೆಯಿಂದ ತೀರಿಕೊಂಡರು. ಪಟ್ಟಿಯ ಹೊಣೆ ಐಕ್ಯಾನ್ ಎಂಬ ಹೊಸ ಸಂಸ್ಥೆಗೆ ಹೋಯಿತು.